ಅವನ ಹೆಸರಿನ ಮೀಟರ್

ಅತ್ತೆ,

ನಾನು ಡ್ಯೂಟಿಗೆ ಹೊರಟೆ. ಅಡುಗೆ ಮುಚ್ಚಿಟ್ಟಿದ್ದೀನಿ. ಮಾತ್ರೆ ತಪ್ಪಿಸಬೇಡಿ.

ಇವತ್ತು ಸ್ಮಾರ್ಟ್ ಮೀಟರ್ ಹಾಕೋರು ಬರ್ತಾರೆ. ಮೀಟರ್ ಒಳಗಿರೋದೊಂದೇ ನಮ್ಮ ಪುಣ್ಯ, ಬಾಗಿಲು ತೆಗೀಬೇಡಿ. ಪಾಪ, ಬಿಸಿಲಲ್ಲಿ ಬಂದಿದ್ದಾರೆ ಅಂತ ಕರೆದು ಕೂರಿಸಿ ನೀರು ಕೊಡೋರು ನೀವು!

ಬೇಡ ಅನ್ನೋ ಹಕ್ಕಿದೆ ಅಂತ ಕರೆಂಟ್ ಆಫೀಸಿನವರೇ ನಿನ್ನೆ ಒಪ್ಪಿಕೊಂಡರು. ಆದರೆ ಆ ಹಕ್ಕು ಬಿಲ್ಲಲ್ಲಿ ಹೆಸರಿರೋರದ್ದಂತೆ. ಹೆಸರು ನಿಮ್ಮ ಮಗಂದು. "ಅವರು ಆಗಲೇ ಒಪ್ಪಿಗೆ ಕೊಟ್ಟಿದ್ದಾರಲ್ಲಮ್ಮ" ಅಂದರು. ಈ ಮನೇಲಿ ಇರೋಳು ನಾನು ಅಂದೆ. ಕಿವಿಗೇ ಹಾಕ್ಕೊಳ್ಳಲಿಲ್ಲ.

ಆ ಮೀಟರ್ ಬಂದರೆ ಇನ್ನು ಯಾವ ಹೊತ್ತಲ್ಲಿ ಎಷ್ಟು ಕರೆಂಟ್ ಖರ್ಚಾಯ್ತು ಅನ್ನೋದು ಅವನ ಫೋನಲ್ಲೇ ಕಾಣುತ್ತೆ. ನಾವು ಮನೇಲಿದ್ದೀವಾ ಇಲ್ವಾ ಅಂತ ಬೀದಿ ತುದೀಲಿ ನಿಂತು ಕಾಯೋ ಕಷ್ಟವೂ ಅವನಿಗೆ ತಪ್ಪಿತು.

ಹೆತ್ತ ಕರುಳು ಕೇಳಲ್ಲ, ಗೊತ್ತು. ಆದರೆ ನಿಮ್ಮ ಕೈ ಮುರಿದವನೂ ಅವನೇ. ಫೋನ್ ಮಾಡಿದರೆ ಎತ್ತಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ.

ನಾನು ಬರೋಷ್ಟರಲ್ಲಿ ಮೀಟರ್ ಹಾಕಿಬಿಟ್ಟಿದ್ದರೆ ಲೈಟು, ಫ್ಯಾನು, ಟೀವಿ ಯಾವುದನ್ನೂ ಹಾಕಬೇಡಿ. ಕತ್ತಲಲ್ಲೇ ಕೂತಿರಿ. ನಾನೂ ಬಂದು ಪಕ್ಕದಲ್ಲಿ ಕೂರ್ತೀನಿ. ಮನೇಲಿ ಯಾರೂ ಇಲ್ಲ ಅಂದುಕೊಳ್ಳಲಿ.