ಫ್ರೀಜರಿನಲ್ಲಿ ಉಳಿದ ಚೀಲ

ನನ್ನ ತರಲೆ ತಮ್ಮಾ,

ಬೆಳಗ್ಗೆಯಿಂದ ಒಂದೇ ಪ್ಯಾಂಟಿನ ಅಂಚು ಹೊಲಿಯುತ್ತೇನೆ, ಬಿಚ್ಚುತ್ತೇನೆ. ಗಿರಾಕಿ ಬಂದು ಬೈದು ಹೋದ. ತಲೆ ಕೆಟ್ಟು ಕೆರ ಹಿಡಿದಿದೆ, ಅದಕ್ಕೆ ನೀನೇ ಕಾರಣ. "ಅಕ್ಕಾ, ನೀನು ಹೂಂ ಅಂದ್ರೆ ಹೂಂ, ಬೇಡ ಅಂದ್ರೆ ಬೇಡ" ಅಂದು ನಿನ್ನೆ ಫೋನ್ ಇಟ್ಟೆಯಲ್ಲ, ಜೀವ ನಿನ್ನದು ಕಣೋ!

ಡಾಕ್ಟರಮ್ಮ ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು. ಹೋದ ವರ್ಷ ನಿನ್ನದೇ ರಕ್ತದಿಂದ ರೋಗದ ಜೊತೆ ಹೋರಾಡುವ ಕಣಗಳನ್ನು ತೆಗೆದು, ಲಿಂಫೋಮಾ ಎಂಬ ಈ ಕ್ಯಾನ್ಸರ್ ಪೀಡೆಯನ್ನು ಗುರುತು ಹಿಡಿಯುವಂತೆ ತಿದ್ದಿ ಬೆಳೆಸಿ, ಮತ್ತೆ ನಿನ್ನ ಮೈಗೇ ಸೇರಿಸಿದರು. ಗಂಟುಗಳು ಕರಗಿದವು. ಈಗ ಕತ್ತಿನಲ್ಲಿ ಮರಳಿ ಬಂದಿವೆ. ಅದೇ ಕಣಗಳ ಇನ್ನೊಂದು ಚೀಲ ಫ್ರೀಜರಿನಲ್ಲಿ ಉಳಿದಿದೆಯಂತೆ. "ಕೊಡಬಹುದು. ಆದ್ರೆ ಹೋದ ಸಲದಷ್ಟು ಭರವಸೆ ಕೊಡೋಕಾಗಲ್ಲ" ಅಂದರು. ಕೊಡಬಹುದು ಅಂದರೆ ಕೊಡಿಸಬೇಕೇ? ಭರವಸೆ ಕಡಿಮೆ ಅಂದರೆ ಬಿಡಬೇಕೇ? ಅತ್ತ ದರಿ, ಇತ್ತ ಪುಲಿ.

ಹೋದ ಸಲದ್ದು ನಿನಗೆಲ್ಲಿ ನೆನಪಿರಬೇಕು! ಈ ಚಿಕಿತ್ಸೆ ಕೆಲವರ ಮಿದುಳನ್ನು ಕದಡುತ್ತದೆಂದು ನರ್ಸ್ ದಿನಾ ಪೆನ್ನು, ಗಡಿಯಾರ ತೋರಿಸಿ ಇದೇನು ಎಂದು ಕೇಳುತ್ತಿದ್ದಳು. ನೀನು ಪೆನ್ನಿಗೆ "ಸೌಟು" ಅಂದೆ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. "ಇವನು ಹುಟ್ಟಾ ತರಲೆ, ಬಿಡಿ ಸಿಸ್ಟರ್" ಅಂದವಳು ನಾನೇ. ಗಡಿಯಾರಕ್ಕೂ "ಸೌಟು" ಅಂದೆ. ಆಮೇಲೆ ನನ್ನತ್ತ ಕೈ ತೋರಿಸಿ "ಇವರು ಯಾರು?" ಅಂತ ಅವಳನ್ನು ಕೇಳಿದೆ. ಅವಳು ಡಾಕ್ಟರನ್ನು ಕರೆಯಲು ಓಡಿದಾಗಲೂ ನಾನು ಪೆದ್ದಿಯ ಹಾಗೆ ನಗುತ್ತಲೇ ನಿಂತಿದ್ದೆ. ಔಷಧಿ ಕೊಟ್ಟು ನಿನ್ನನ್ನು ಮರಳಿ ತರುವವರೆಗೆ ನಾನು ನಿನಗೆ ಯಾರೂ ಆಗಿರಲಿಲ್ಲ.

ಹೂಂ ಅಂದರೆ ಅದೆಲ್ಲ ಮತ್ತೆ ಆದೀತು. ಬೇಡ ಅಂದರೆ ಏನಾಗುತ್ತದೆಂದು ಬರೆಯಲು ಕೈ ಬರುತ್ತಿಲ್ಲ.

ನಿನ್ನೆ ಫೋನ್ ಇಡುವ ಮೊದಲು "ಭಯ ಆಗ್ತಿದೆ ಅಕ್ಕಾ" ಅಂದೆ. ಇಷ್ಟು ವರ್ಷದಲ್ಲಿ ನಿನ್ನ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ಇದೂ ತರಲೆಯಿರಬೇಕೆಂದು ನಿನ್ನ ನಗುವಿಗೆ ಕಾದೆ. ನೀನು ನಗಲಿಲ್ಲ. ನನಗೂ ಭಯ ಕಣೋ.

ನನ್ನದು ಹೂಂ. ಸರಿಯೋ ತಪ್ಪೋ ಗೊತ್ತಿಲ್ಲ, ನಾಳೆ ಬೆಳಗ್ಗೆ ಬೇಡ ಅಂದರೂ ಅಂದೇನು. ನೀನೂ ಯೋಚಿಸಿ ನಿನ್ನ ಬಾಯಿಂದಲೇ ಹೇಳು, ನನ್ನೊಬ್ಬಳ ತಲೆಗೆ ಕಟ್ಟಬೇಡ. ಏನೇ ಅಂದರೂ ಮಂಚದ ಪಕ್ಕದ ಕುರ್ಚಿ ನನ್ನದು.

ನೂರು ವರ್ಷ ಬಾಳು ಎಂದು ಹರಸುವುದು ದುರಾಸೆ ಅನ್ನಿಸಿ, ಮುಂದಿನ ಬೇಸಿಗೆ ಕಂಡರೆ ಸಾಕು ಎಂದು ಬರೆಯಹೊರಟೆ. ಇಲ್ಲ, ಸಾಲದು. ನೂರು ವರ್ಷ ಬಾಳೋ.

ನಿನ್ನ ಅಕ್ಕ