ಆಷಾಢದವರೆಗಿನ ದಾರಿ

ಯಳಂದೂರು
ಜೂನ್ 2, 2025, ಸೋಮವಾರ

ಪ್ರೀತಿಯ ಶೃತಿ ಮಗಳೇ,

ಮೊದಲು ನಿನ್ನ ಕಾಲಿನ ವಿಚಾರ ಹೇಳು. ಹಿಮ್ಮಡಿಯ ಬೊಬ್ಬೆ ಒಣಗಿತೇ? ಒಡೆದುಕೊಳ್ಳಬೇಡ, ತಾನಾಗಿ ಬತ್ತಲಿ. ರಾತ್ರಿ ಮಲಗುವಾಗ ಹರಳೆಣ್ಣೆ ಹಚ್ಚಿಕೊಳ್ಳಬೇಕೆಂದು ನಿಮ್ಮಮ್ಮ ಹೇಳುತ್ತಿದ್ದಾಳೆ. ಆ ದೇಶದಲ್ಲಿ ಹರಳೆಣ್ಣೆ ಎಲ್ಲಿ ಸಿಗುತ್ತದೆ ಎಂದರೆ ಅವಳಿಗೆ ಕೋಪ. ಹೊಟ್ಟೆಗೆ ಏನು ತಿನ್ನುತ್ತಿದ್ದೀಯೋ, ಬ್ರೆಡ್ಡು ತಿಂದೇ ಗುಡ್ಡ ಹತ್ತುತ್ತಿದ್ದೀಯೋ ಎಂಬುದು ಅವಳ ಇನ್ನೊಂದು ಚಿಂತೆ. ನಾವೆಲ್ಲ ಆರೋಗ್ಯವಾಗಿದ್ದೇವೆ. ನಿಮ್ಮಮ್ಮನ ಮಂಡಿ ಮೋಡ ಕಂಡ ಕೂಡಲೇ ಹಿಡಿದುಕೊಳ್ಳುತ್ತದೆ, ಅದು ನಿನಗೆ ಗೊತ್ತಿರುವುದೇ. ದೊಡ್ಡಪ್ಪ ಗಟ್ಟಿಯಾಗಿದ್ದಾರೆ. ಮಳೆ ಹದವಾಗಿ ಬಿದ್ದು ಅರಿಸಿನ ನಾಟಿ ಮುಗಿಯಿತು. ಬಿಳಿಗಿರಿರಂಗನ ಬೆಟ್ಟದ ನೆತ್ತಿ ಮಧ್ಯಾಹ್ನದ ಹೊತ್ತಿಗೆ ಕಾಣುವುದೇ ಇಲ್ಲ. ಗೊಬ್ಬರದ ಅಂಗಡಿಯಲ್ಲಿ ಈಗ ಜನ ಜಾಸ್ತಿ, ಯೂರಿಯಾ ಬಂತಾ ಎಂದು ಕೇಳುವವರಿಗೆ ಉತ್ತರ ಹೇಳುವುದರಲ್ಲೇ ನನ್ನ ಹೊತ್ತು ಹೋಗುತ್ತದೆ.

ಈ ಕಾಗದ ನಿನ್ನ ಕೈಗೆ ಹೇಗೆ ಬಂತು ಎಂದು ಆಶ್ಚರ್ಯವಾಗಬಹುದು. ನೀನು ಹೊರಡುವ ಮುಂಚೆ ನನಗಾಗಿ ಝೆರಾಕ್ಸ್ ಮಾಡಿಸಿ ಇಟ್ಟು ಹೋದ ಗೈಡಿನ ಹಾಳೆಗಳಿವೆಯಲ್ಲ, ಅದರಲ್ಲಿ ಫಾಲ್ಮತ್ ಊರಿನ ವಸತಿಗೃಹಗಳ ವಿಳಾಸವೆಲ್ಲ ಇದೆ. ನೀನು ಎರಡು ದಿನ ತಂಗಿ ಸುಧಾರಿಸಿಕೊಳ್ಳುತ್ತೇನೆ ಎಂದಿದ್ದ ಮನೆಯ ಹೆಸರಿನ ಕೆಳಗೇ, ನಡೆಯುವವರಿಗೆ ಬರುವ ಟಪಾಲನ್ನು ಇಟ್ಟುಕೊಂಡು ಕೊಡುತ್ತಾರೆ ಎಂದು ಬರೆದಿದೆ. ಗೈಡ್ ಬರೆದವನು ಪುಣ್ಯಾತ್ಮ, ಎಲ್ಲಿಯೋ ಕೂತಿರುವ ಅಪ್ಪಂದಿರ ಬಗ್ಗೆಯೂ ಯೋಚನೆ ಮಾಡಿದ್ದಾನೆ.

ಆ ಪುಸ್ತಕ ಬೇಡವೆಂದು ನಾನು ಎಷ್ಟು ಹಟ ಮಾಡಿದ್ದೆ ನೆನಪಿದೆಯೇ? ನೀನು ಇಂಗ್ಲೆಂಡಿನ ಸಮುದ್ರದಂಚಿನ ಕಾಲುದಾರಿಯಲ್ಲಿ ತಿಂಗಳುಗಟ್ಟಲೆ ನಡೆಯುತ್ತೇನೆ ಎಂದಾಗ ನಾನು ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ ಸ್ಕೂಲ್ ಮಕ್ಕಳ ಅಟ್ಲಾಸು ತಂದಿದ್ದೆ. ಅದರಲ್ಲಿ ಇಂಗ್ಲೆಂಡೇ ನನ್ನ ಹೆಬ್ಬೆಟ್ಟಿನಷ್ಟು. ನೀನು ನಗಲಿಲ್ಲ, ಅದು ನಿನ್ನ ದೊಡ್ಡ ಗುಣ. ಆಮೇಲೆ ಸ್ವಾಮಿಯ ಕಂಪ್ಯೂಟರ್ ಅಂಗಡಿಯಲ್ಲಿ ಕೂತು ಒಂದೊಂದೇ ನೋಡಿದೆವು. ದೊಡ್ಡ ದೊಡ್ಡ ಬಣ್ಣದ ಫೋಟೋ ಇದ್ದ ಗೈಡು ನನಗೆ ಹಿಡಿಸಿತ್ತು. "ಅಪ್ಪಾಜಿ, ಇದು ಮನೇಲಿ ಕೂತ್ಕಂಡು ನೋಡೋರ ಪುಸ್ತಕ. ನಡೆಯೋರಿಗೆ ನೀರು ಎಲ್ಲಿ ಸಿಗುತ್ತೆ, ಗೇಟು ದಾಟಿ ಎಡಕ್ಕೋ ಬಲಕ್ಕೋ ಅಂತ ಬೇಕು" ಎಂದೆ ನೀನು. ಬರೆದವನು ಯಾವ ದಿಕ್ಕಿನಿಂದ ನಡೆದು ಬರೆದಿದ್ದಾನೆ ಎಂಬುದನ್ನೂ ನೋಡಬೇಕು, ಇಲ್ಲದಿದ್ದರೆ ಅವನ ಎಡ ನಮಗೆ ಬಲವಾಗುತ್ತದೆ ಎಂದೂ ಹೇಳಿದೆ. ಅಲ್ಲಿಯ ಬಂಡೆ ಪ್ರತಿ ವರ್ಷ ಕಡಲಿಗೆ ಕುಸಿದು ದಾರಿಯೇ ಒಳಕ್ಕೆ ಸರಿಯುತ್ತದಂತೆ, ಹಾಗಾಗಿ ಹಳೇ ಮುದ್ರಣ ಅಗ್ಗವಾಗಿ ಸಿಕ್ಕರೂ ಬೇಡ ಎಂದೆ. ಇದನ್ನೆಲ್ಲ ನಾನು ಈಗ ಅಂಗಡಿಗೆ ಬಂದವರಿಗೆ ಹೇಳುತ್ತೇನೆ. ಯಾರಿಗೂ ಬೇಕಾಗಿಲ್ಲ, ಆದರೂ ಕೇಳಿಸಿಕೊಳ್ಳುತ್ತಾರೆ.

ಮ್ಯಾಪು ಬಂದ ದಿನ ಅದನ್ನು ನಡುಮನೆಯಲ್ಲಿ ಹಾಸಿದಾಗ ನನಗೆ ಬರೀ ಗೆರೆಗಳ ಗೋಜಲು ಕಂಡಿತ್ತು. ಗೆರೆ ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರ ದೂರ ಇದ್ದರೆ ಬಯಲು, ಹಸಿರು ಚುಕ್ಕೆಗೆರೆ ಕಂಡಲ್ಲೆಲ್ಲ ಯಾರು ಬೇಕಾದರೂ ನಡೆಯಬಹುದು ಎಂದು ಹೇಳಿಕೊಟ್ಟೆ. ಅದು ನನಗೆ ಬಹಳ ಸೋಜಿಗ. ಯಾರದೋ ಹೊಲದ ನಡುವೆ ದಾರಿ ಹೋಗಿದೆ, ಹೊಲದವನು ತಡೆಯುವ ಹಾಗಿಲ್ಲ. ನಮ್ಮಲ್ಲಿ ಬದು ತುಳಿದರೆ ಪೊಲೀಸ್ ಸ್ಟೇಷನ್ನಿಗೆ ಹೋಗುತ್ತಾರೆ. ಶಿವರಾತ್ರಿಗೆ ನಾವಿಬ್ಬರೂ ಹನೂರಿನಿಂದ ಮಾದಪ್ಪನ ಬೆಟ್ಟಕ್ಕೆ ನಡೆದಾಗ ಮ್ಯಾಪಿನ ಗೊಡವೆಯೇ ಇರಲಿಲ್ಲ, ಮುಂದೆ ಹೋಗುವವರ ಬೆನ್ನು ನೋಡಿಕೊಂಡು ಹೋದರೆ ಸಾಕಾಗಿತ್ತು. ರಾಮಾಪುರದಲ್ಲಿ ಮಜ್ಜಿಗೆ ಕುಡಿಯುತ್ತ ನೀನು, "ನನಗೆ ಮುಂದೆ ಯಾರೂ ಇಲ್ಲದ ದಾರೀಲಿ ಒಂದು ಸಲ ನಡೀಬೇಕು ಅಪ್ಪಾಜಿ" ಎಂದಿದ್ದೆ. ನನ್ನ ಆಯಸ್ಸೆಲ್ಲ ಅಣ್ಣಯ್ಯನ ಬೆನ್ನು ನೋಡಿಕೊಂಡೇ ನಡೆದವನು ನಾನು.

ಈಗ ಆ ಝೆರಾಕ್ಸ್ ಹಾಳೆಗಳನ್ನು ಅಂಟಿಸಿ ನಮ್ಮ ರೂಮಿನ ಬಾಗಿಲ ಹಿಂದೆ ತೂಗು ಹಾಕಿದ್ದೇನೆ. ನಿಮ್ಮಮ್ಮ ದಿನಾ ಪೂಜೆ ಮುಗಿಸಿ, ಇಬತ್ತಿ ಹಚ್ಚಿದ ಹಣೆಯಲ್ಲೇ ಬಂದು, "ಇವತ್ತು ಎಲ್ಲವ್ಳೆ ತೋರ್ಸಿ" ಎನ್ನುತ್ತಾಳೆ. ನಾನು ಅಂದಾಜಿನ ಮೇಲೆ ಬೆರಳಿಡುತ್ತೇನೆ. ಅವಳು ಅಲ್ಲಿಯೇ ಕೈಯಿಟ್ಟು ಸವರುತ್ತಾಳೆ. ಮೊನ್ನೆ ಅಲ್ಲಿ ಬಂಡೆಯ ಗುರುತು ನೋಡಿ, "ಇದೇನು, ಇಷ್ಟು ಅಂಚ್ನಾಗಾ ನಡ್ಯಾದು?" ಎಂದು ಕೇಳಿದಳು. ಅಂಚಿನಿಂದ ದೂರ ಇದೆ ಎಂದೆ. ದೂರ ಇಲ್ಲ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ನಾವಿಬ್ಬರೂ ಮಾಡಬಹುದಾದದ್ದು ಇಷ್ಟೇ, ಕಾಗದದ ಮೇಲೆ ಬೆರಳಿಡುವುದು.

ನಿನ್ನೆಯಲ್ಲ, ಅದರ ಹಿಂದಿನ ಭಾನುವಾರ ಕೊಳ್ಳೇಗಾಲದಿಂದ ಬಸವಕುಮಾರನ ಮನೆಯವರು ಬಂದಿದ್ದರು. ಅದನ್ನು ಬರೆಯದೆ ಬಿಡಬೇಕೆಂದಿದ್ದೆ, ಆದರೆ ಬರೆಯದೆ ಇದ್ದರೆ ಈ ಕಾಗದಕ್ಕೆ ಅರ್ಥವಿಲ್ಲ. ಅವನ ತಂದೆ, ಸೋದರಮಾವ, ಜೊತೆಗೆ ಇನ್ನಿಬ್ಬರು ಹಿರಿಯರು. ಮೂರು ವರ್ಷದ ಹಿಂದೆ ಅವರು ಇದೇ ಜಗಲಿಯ ಮೇಲೆ ಕೂತು, ಮದುವೆಯಾದ ಮೇಲೆ ಹುಡುಗಿ ಕಾಲೇಜಿಗೆ ಪಾಠ ಮಾಡಲು ಹೋಗುವುದು ಬೇಡ, ನಮ್ಮನೆಯಲ್ಲಿ ಅಂಥಾ ಕಷ್ಟ ಇಲ್ಲ ಎಂದದ್ದು, ನೀನು ಕಾಫಿ ತಟ್ಟೆ ಕೆಳಗಿಟ್ಟು, "ನಂಗೆ ಕಷ್ಟಕ್ಕೆ ಅಲ್ಲ, ಇಷ್ಟಕ್ಕೆ ಓಗ್ತಿರೋದು. ಈ ಮದುವೆ ನಂಗೆ ಬೇಡ" ಎಂದದ್ದು ಎಲ್ಲ ಊರಿಗೇ ಗೊತ್ತು. ಈಗ ಅವರೇ ಮತ್ತೆ ಬಂದಿದ್ದಾರೆ. ಹುಡುಗನಿಗೆ ಬೇರೆ ಕಡೆ ಕೂಡಿ ಬರಲಿಲ್ಲವಂತೆ. ದೊಡ್ಡಪ್ಪನೇ ಹೇಳಿ ಕಳಿಸಿದ್ದರು ಎಂದು ನನಗೆ ಅವರು ಬಂದು ಕೂತ ಮೇಲೆ ತಿಳಿಯಿತು.

ದೊಡ್ಡಪ್ಪ ಅವರೆದುರಿಗೇ ನನ್ನನ್ನು ಕರೆದು, "ನೋಡ್ಲಾ ಮೂರ್ತಿ, ಎಣ್ ಮಗೀನ ಒಬ್ಳನ್ನೇ ಕಡ್ಲಾಚೆಗೆ ಕಳ್ಸ್ಬುಟ್ಟು ಬಾಗ್ಲಿಂದೆ ಮ್ಯಾಪ್ ನೇತಾಕಂಡು ಕುಂತಿದ್ದೀಯೆ. ಇವ್ರು ದೊಡ್ಡ ಮನ್ಸ್ ಮಾಡಿ ಬಂದವ್ರೆ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆನೇನೋ. ಆಮೇಲೆ ಧೈರ್ಯ ಮಾಡಿ, "ಅವ್ಳು ಬರ್ಲಿ ಅಣ್ಣಯ್ಯ, ಒಂದ್ಮಾತು ಕೇಳವ" ಎಂದೆ. "ಅವ್ಳ ಕೇಳೋದೇನ್ಲಾ ಅದೆ? ನಿನ್ ಮದ್ವೆ ಮಾಡ್ದಾಗ ನಿನ್ನ ಕೇಳಿದ್ನಾ ನಾನು?" ಎಂದರು. ಕೇಳಿರಲಿಲ್ಲ, ನಿಜ. ನಮ್ಮಪ್ಪ ತೀರಿಕೊಂಡಾಗ ನಾನಿನ್ನೂ ಪ್ರೈಮರಿ ಸ್ಕೂಲಿನಲ್ಲಿದ್ದೆ. ಅಣ್ಣಯ್ಯ ಓದು ಬಿಟ್ಟು ನೇಗಿಲು ಹಿಡಿದು ನನ್ನನ್ನು ಬಿ.ಎ. ಮಾಡಿಸಿದರು, ಹೆಣ್ಣು ತಂದರು, ಅಂಗಡಿ ಇಟ್ಟುಕೊಟ್ಟರು. ಅವರು ನಿನ್ನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಅಂಗನವಾಡಿಗೆ ಬಿಟ್ಟವರು. ಕೆಟ್ಟವರಲ್ಲ ಮಗಳೇ. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ನಿಮ್ಮಮ್ಮನ ಮೇಲೂ ಕೋಪ ಮಾಡಿಕೊಳ್ಳಬೇಡ. ಅವಳು ಒಳಗೆ ಒಲೆಯ ಮುಂದೆ ಕೂತು ಅಳುತ್ತಿದ್ದಳು. ಸಂಕಟಕ್ಕೆ ಅಳುತ್ತಿದ್ದಾಳೆ ಎಂದುಕೊಂಡು ಸಮಾಧಾನ ಮಾಡಲು ಹೋದೆ. ಅವಳು ಸಮಾಧಾನವಾಯಿತೆಂದೇ ಅಳುತ್ತಿದ್ದಳು. "ನಾವು ಓದ್ಮೇಲೆ ಅವ್ಳಿಗ್ಯಾರು? ಒಂದು ನೆಲೆ ಆಯ್ತದಲ್ಲ" ಎಂದಳು. ಅವಳೇ ಮಾರನೆಯ ದಿನ ಬೆಳಿಗ್ಗೆ ಬಂದು, ಇವತ್ತು ಎಲ್ಲವ್ಳೆ ಎಂದು ಕೇಳಿದಳು. ಒಂದೇ ಮನಸ್ಸಿನಲ್ಲಿ ಎರಡೂ ಇದೆ, ಏನು ಮಾಡುವುದು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಶುಕ್ರವಾರ ನೀನು ಮಾಡಿದಾಗ ಹೇಳಬೇಕೆಂದೇ ಅಂಗಡಿಯ ಗೋಡೌನಿನೊಳಗೆ ಹೋಗಿ ಬಾಗಿಲು ಹಾಕಿಕೊಂಡೆ. ನಾನು ಬಾಯಿ ತೆರೆಯುವಷ್ಟರಲ್ಲಿ ನೀನು, "ಅಪ್ಪಾಜಿ, ತಾಳಿ, ಕೇಳಿಸ್ಕೊಳ್ಳಿ" ಎಂದು ಫೋನನ್ನು ಸಮುದ್ರದ ಕಡೆ ಹಿಡಿದೆ. ನಾನು ಗೊಬ್ಬರದ ಮೂಟೆಗಳ ಮಧ್ಯೆ ನಿಂತುಕೊಂಡು ಅಲೆಯ ಸದ್ದು ಕೇಳಿದೆ. ನಿನ್ನ ದನಿ ಅಷ್ಟು ಹಗುರವಾಗಿದ್ದುದನ್ನು ಈಚಿನ ವರ್ಷಗಳಲ್ಲಿ ಕೇಳಿರಲಿಲ್ಲ. ಹೇಳಲಾಗಲಿಲ್ಲ. ಊಟ ಆಯಿತೇ ಎಂದು ಕೇಳಿ ಇಟ್ಟುಬಿಟ್ಟೆ.

ನಿಮ್ಮ ಕಾಲೇಜಿನ ಪ್ರಿನ್ಸಿಪಾಲರನ್ನು ಕಂಡು ಬಂದೆ. ಒಳ್ಳೆಯ ಮನುಷ್ಯ. ಅವರು ಹೇಳಿದ್ದನ್ನು ಕಾಗದದ ಕೊನೆಯಲ್ಲಿ ಬರೆಯುತ್ತೇನೆ. ಗಾಳಿ ಜೋರಾದರೆ ಬಂಡೆಯ ಅಂಚು ಬಿಟ್ಟು ಒಳದಾರಿ ಹಿಡಿ. ಮಳೆಯಲ್ಲಿ ಮ್ಯಾಪು ನೆನೆಯದಂತೆ ನೋಡಿಕೋ. ಒಬ್ಬಳೇ ಇದ್ದೀಯೆಂದು ಎಲ್ಲರಿಗೂ ಹೇಳಬೇಡ. ಮಾದಪ್ಪ ನಿನ್ನ ಹಿಂದೆಯೂ ಇರಲಿ, ಮುಂದೆಯೂ ಇರಲಿ. ಆ ಮನೆಯ ಯಜಮಾನರಿಗೆ, ಈ ಕಾಗದವನ್ನು ಜೋಪಾನವಾಗಿ ಇಟ್ಟುಕೊಂಡದ್ದಕ್ಕೆ ನನ್ನ ನಮಸ್ಕಾರ ತಿಳಿಸು.

ನಿನ್ನ ಒಳಿತನ್ನೇ ಬೇಡುವ
ಅಪ್ಪಾಜಿ
ಶಾಂತಮೂರ್ತಿ

ಮರೆತ ಮಾತು: ಮರೆತದ್ದಲ್ಲ, ಮನೆಯಲ್ಲಿ ಕೂತು ಬರೆಯಲು ಧೈರ್ಯ ಸಾಲಲಿಲ್ಲ. ಈಗ ಕೊಳ್ಳೇಗಾಲದ ಪೋಸ್ಟಾಫೀಸಿನಲ್ಲಿ ನಿಂತು ಬರೆಯುತ್ತಿದ್ದೇನೆ. ಯಳಂದೂರಿನಲ್ಲಿ ಹಾಕಿದರೆ ಸಂಜೆಯೊಳಗೆ ಅಣ್ಣಯ್ಯನಿಗೆ ಸುದ್ದಿ ಮುಟ್ಟುತ್ತದೆ. ಮದುವೆಯ ಮಾತು ಮುಗಿದುಹೋಗಿದೆ ಮಗಳೇ. ನೀನು ಊರಿಗೆ ಬಂದು ಇಳಿದ ಮೊದಲ ಭಾನುವಾರವೇ ನಿಶ್ಚಿತಾರ್ಥ, ಆಷಾಢ ಹುಟ್ಟುವ ಮುಂಚೆ. ಛತ್ರ ಹಿಡಿದಿದ್ದಾರೆ, ನಿಮ್ಮಮ್ಮ ಸೀರೆ ತಂದಿದ್ದಾಳೆ. ನೀನು ಬರುವವರೆಗೆ ತಿಳಿಸಬಾರದೆಂದು ಅಣ್ಣಯ್ಯ ನನ್ನಿಂದ ಭಾಷೆ ತೆಗೆದುಕೊಂಡಿದ್ದಾರೆ. ಆಷಾಢಕ್ಕೆ ಮುಂಚೆ ಆಗದಿದ್ದರೆ ನಾವು ಬೇರೆ ಕಡೆ ನೋಡುತ್ತೇವೆ ಎಂದು ಹುಡುಗನ ತಂದೆ ಅಂದಿದ್ದಾರೆ. ನನಗೆ ಉಳಿದಿರುವುದು ಆ ಒಂದು ಮಾತು. ನೀನು ಅಂದುಕೊಂಡಿದ್ದ ಹಾಗೆ ಪ್ಲಿಮತ್ ಊರಿನಲ್ಲಿ ನಡಿಗೆ ನಿಲ್ಲಿಸಿ ರೈಲು ಹತ್ತಬೇಡ. ಅಲ್ಲಿಂದ ಮುಂದಿನ ದಾರಿಯ ಗೈಡು ಮತ್ತು ಮ್ಯಾಪನ್ನು ನಾನೇ ತರಿಸಿ ಈ ಕಟ್ಟಿನಲ್ಲಿ ಇಟ್ಟಿದ್ದೇನೆ. ಹೊಸ ಮುದ್ರಣವೇ, ನೀನು ನಡೆಯುವ ದಿಕ್ಕಿನದೇ, ನೋಡಿ ತರಿಸಿದೆ. ವಿಮಾನದ ತಾರೀಖು ಬದಲಾಯಿಸಬಹುದೆಂದು ಸ್ವಾಮಿ ಹೇಳಿದ. ರಜೆ ಮುಂದುವರಿಸುವ ಅರ್ಜಿಯನ್ನು ಮೊಬೈಲಿನಲ್ಲೇ ಕಳಿಸಿದರೆ ಸಾಕೆಂದು ಪ್ರಿನ್ಸಿಪಾಲರು ಹೇಳಿದರು. ಆಷಾಢ ಬರುವವರೆಗೆ ನಡೆಯುತ್ತಿರು. ಆಮೇಲೆ ಮನೆಯಲ್ಲಿ ಏನಾಗುತ್ತದೋ, ನನ್ನನ್ನು ಏನೆನ್ನುತ್ತಾರೋ ತಿಳಿಯದು, ಬಂದದ್ದನ್ನು ಅನುಭವಿಸುತ್ತೇನೆ. ಒಂದು ಎಚ್ಚರಿಕೆ. ಪ್ಲಿಮತ್ ದಾಟಿದ ಮೇಲೆ ಎರ್ಮ್ ಎಂಬ ಹೊಳೆ ಸಿಗುತ್ತದೆ, ಅಲ್ಲಿ ಸೇತುವೆಯೂ ಇಲ್ಲ, ದೋಣಿಯೂ ಇಲ್ಲ. ಸಮುದ್ರ ಹಿಂದೆ ಸರಿದಾಗ ಮಾತ್ರ ಕಾಲಲ್ಲಿ ದಾಟಬಹುದಂತೆ. ಯಾರು ಎಷ್ಟು ಅವಸರ ಮಾಡಿದರೂ ಇಳಿಯಬೇಡ. ನೀರು ತಗ್ಗುವವರೆಗೂ ದಡದಲ್ಲೇ ಕೂತಿರು.