ಮಿರ್ಸಿನಿಯನ್ನು ಎತ್ತುವ ಶನಿವಾರ

ಮೊನೆಮ್ವಸಿಯಾ
ಮಂಗಳವಾರ, ೧೪ ಅಕ್ಟೋಬರ್ ೧೯೯೭

ಅರ್ಗಿರೋ ಅಕ್ಕನಿಗೆ,

ಕ್ಷೇಮವೇ ಎಂದು ಕೇಳುವಷ್ಟು ಮನಸ್ಸು ಇವತ್ತು ನನಗಿಲ್ಲ. ಫೋನ್ ಮಾಡಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ನನಗೆ ಬೈಯಲು ಬಾಯಿಯೇ ಬರುವುದಿಲ್ಲ, ಬೈಯಲೇಬೇಕೆಂದು ಕೂತಿದ್ದೇನೆ. ಬೆಳಗಿನ ಬಸ್ಸಿನ ಡ್ರೈವರ್ ಕೈಯಲ್ಲಿ ಇದನ್ನು ಪಿರಿಯಸ್‌ಗೆ ಕಳಿಸುತ್ತೇನೆ.

ಪ್ರವಾಸದ ಮಾತು ಎತ್ತಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಮದುವೆಯಾದಾಗಿನಿಂದ ನನ್ನನ್ನು ಕೊರಿಂಥದ ಕಾಲುವೆ ದಾಟಿಸದ ಗಂಡ, ದಿನವಿಡೀ ಟ್ಯಾಕ್ಸಿ ಓಡಿಸಿ ಬಂದು ಸ್ಟೀರಿಂಗ್ ಕಂಡರೆ ಮೈ ಉರಿಯುತ್ತದೆ ಎನ್ನುವ ಈ ಪಂದೆಲಿಸ್, ಇದ್ದಕ್ಕಿದ್ದಂತೆ "ನಡಿಯೇ, ಹಳೇ ಊರುಗಳನ್ನೆಲ್ಲ ನೋಡ್ಕೊಂಡು ಬರೋಣ. ನಾಫ್ಲಿಯೋ, ಮಿಸ್ತ್ರಾಸ್, ಮೊನೆಮ್ವಸಿಯಾ" ಅಂದ. ಶನಿವಾರದೊಳಗೆ ವಾಪಸ್ ಬಂದಿರಬೇಕು ಎಂದೆ. "ಬರೋಣ ಬಿಡು" ಅಂದ, ಮುಖ ಆ ಕಡೆ ತಿರುಗಿಸಿಕೊಂಡು.

ಶನಿವಾರ ನಮ್ಮ ಮಿರ್ಸಿನಿಯನ್ನು ಮಣ್ಣಿನಿಂದ ಎತ್ತುವ ದಿನ. ಹೂತು ಮೂರು ವರ್ಷ ತುಂಬಿತಲ್ಲ. ಅಮ್ಮನ ಮೂಳೆಗಳನ್ನು ನಾವಿಬ್ಬರೂ ವೈನಿನಲ್ಲಿ ತೊಳೆದು, ಒಣಗಿಸಿ, ಪೆಟ್ಟಿಗೆಯಲ್ಲಿಟ್ಟೆವು, ನೆನಪಿದೆಯಾ? ನನ್ನ ಮಗಳನ್ನೂ ಹಾಗೆಯೇ ನನ್ನ ಕೈಯಾರೆ ತೊಳೆಯಬೇಕು ಎಂದು ಇಷ್ಟು ದಿನ ಜೀವ ಹಿಡಿದುಕೊಂಡಿದ್ದೆ. ಹತ್ತೊಂಬತ್ತರ ಹುಡುಗಿ! ಇನ್ನೊಂದು ಸಲ ಮಡಿಲಲ್ಲಿ ಇಟ್ಟುಕೊಳ್ಳುವ ಆಸೆ ಅಷ್ಟೇ ಅಕ್ಕಾ, ಬೇರೇನೂ ನನಗೆ ಉಳಿದಿರಲಿಲ್ಲ.

ನಾಫ್ಲಿಯೋದಲ್ಲಿ ಕೋಟೆ ಹತ್ತಲಿಲ್ಲ. ಆಕ್ಟೋಪಸ್ ಚಪ್ಪಲಿ ತೊಗಲಿನ ಹಾಗಿದೆ ಎಂದು ಹೋಟೆಲಿನವನ ಮೇಲೆ ಕೂಗಾಡಿದ, ಆಮೇಲೆ ನನ್ನ ಮೇಲೆ. ದಾರಿಯುದ್ದಕ್ಕೂ ನಾನು ಅವಳ ಮೂಳೆ ಸುತ್ತುವ ಬಿಳಿ ಬಟ್ಟೆಗೆ ಕಸೂತಿ ಹಾಕುತ್ತಿದ್ದೆ. ನಾನು ಸೂಜಿ ಎತ್ತಿಕೊಂಡರೆ ಅವನು ರೇಡಿಯೋ ಜೋರು ಮಾಡುತ್ತಿದ್ದ.

ಇವತ್ತು ಮಿಸ್ತ್ರಾಸ್‌ನ ಮಠದಲ್ಲಿ ಕಸೂತಿ ಮಾರುವ ವಯಸ್ಸಾದ ಸನ್ಯಾಸಿನಿಯೊಬ್ಬಳು ನನ್ನ ಬಟ್ಟೆ ನೋಡಿ "ಯಾರಿಗಮ್ಮಾ ಇದು?" ಎಂದು ಕೇಳಿದಳು. ಹೇಳಿದೆ. "ಜೇನುಮೇಣದ ಬಣ್ಣಕ್ಕೆ ತಿರುಗಿ ಬರಲಿ ಕಣಮ್ಮಾ ನಿನ್ನ ಮಗಳ ಮೂಳೆ. ಪುಣ್ಯವಂತರದ್ದು ಹಾಗೇ ಬರೋದು" ಅಂದಳು. ತಿರುಗಿ ನೋಡಿದರೆ ಪಂದೆಲಿಸ್ ಇಲ್ಲ. ಹೊರಗೆ ಗೋಡೆ ಹಿಡಿದುಕೊಂಡು ವಾಂತಿ ಮಾಡುತ್ತಿದ್ದ.

ಸ್ಪಾರ್ಟಾ ದಾಟಿದ ಮೇಲೆ ಆಲಿವ್ ತೋಟದ ಪಕ್ಕ ಕಾರು ನಿಲ್ಲಿಸಿದ. "ನಾನು ನೋಡ್ಬಿಟ್ಟೆ ಕಣೇ" ಅಂದ. ನಾನು ನೋಡುವ ಮೊದಲು ತಾನೊಬ್ಬನೇ ನೋಡಿರೋಣ ಎಂದು ಹೋದ ವಾರವೇ ಸ್ಮಶಾನದಲ್ಲಿ ಗುಂಡಿ ತೆರೆಸಿದನಂತೆ. ಅವಳ ಮೈ ಇನ್ನೂ ಮಣ್ಣಿನಲ್ಲಿ ಕರಗಿಲ್ಲವಂತೆ. ಆಸ್ಪತ್ರೆಯಲ್ಲಿ ಅಷ್ಟೊಂದು ಔಷಧಿ ಹೋದವರು ಬೇಗ ಕರಗುವುದಿಲ್ಲ ಎಂದು ಅಗೆಯುವವನು ಸಮಾಧಾನ ಹೇಳಿದನಂತೆ. ಶನಿವಾರ ಅವಳನ್ನು ಎತ್ತಿ, ಹಿಂದಿನ ಗೋಡೆಯ ಪಕ್ಕ, ಕರಗದವರ ಸಾಲಿನಲ್ಲಿ ಮತ್ತೆ ಹೂಳುತ್ತಾರಂತೆ. ನಾನು ಅಲ್ಲಿ ಇರಬಾರದು ಎಂದು ಈ ಪ್ರವಾಸ. ನನ್ನ ಬದಲಿಗೆ ನಿಲ್ಲುವವಳು ನೀನು.

ಮೊನ್ನೆ ಭಾನುವಾರ, ಇದೆಲ್ಲ ಗೊತ್ತಿದ್ದೂ ನನ್ನ ಅಡುಗೆಮನೆಯಲ್ಲಿ ಕೂತು, ಈ ಬಟ್ಟೆಯನ್ನು ಕೈಯಲ್ಲಿ ಹಿಡಿದು "ಎಷ್ಟು ಚೆನ್ನಾಗಿ ಬಂದಿದೆಯೇ" ಅಂದೆಯಲ್ಲ, ಹೇಗೆ ಬಾಯಿ ಬಂತು ನಿನಗೆ? ಒಡಹುಟ್ಟಿದವಳು ನೀನು! ನನ್ನ ಅತ್ತೆಯಾದರೂ ವಾಸಿ. "ಮಣ್ಣೂ ಒಲ್ಲೆ ಅಂತು ನೋಡು, ಯಾರ ಶಾಪವೋ" ಎಂದು ಗೊತ್ತಾದ ದಿನ ಎದುರಿಗೇ ಅನ್ನುತ್ತಾಳೆ. ಅನ್ನಲಿ. ನನ್ನ ಹೊಟ್ಟೆ ಉರಿಯುತ್ತಿರುವುದು ಬೇರೆಯದಕ್ಕೆ. ಅವನು ಅವಳ ಮುಖ ನೋಡಿದ್ದಾನೆ, ನಾನು ನೋಡಿಲ್ಲ. ಹೇಗಿದ್ದಳು, ಹೇಳು ಎಂದು ಅಂಗಿ ಹಿಡಿದು ಅಲ್ಲಾಡಿಸಿದೆ. ಸ್ಟೀರಿಂಗಿಗೆ ತಲೆಯಿಟ್ಟು ಅತ್ತುಬಿಟ್ಟ.

ನಾನು ಬರುತ್ತೇನೆ. ಹೆತ್ತವಳು ನಾನು, ಅವಳು ಹೇಗಿದ್ದರೂ ನನ್ನ ಮಗಳೇ. ನಾನು ಬರುವ ತನಕ ಯಾರೂ ಗುದ್ದಲಿ ಮುಟ್ಟಕೂಡದು ಎಂದು ಅಲ್ಲಿಯವರಿಗೆ ಹೇಳಿಡು. ನೀನು ಬರುವುದೇ ಬೇಡ.

ಇನ್ನೂ ನಿನ್ನ ತಂಗಿಯೇ ಆಗಿರುವ,
ಕಲ್ಲಿರೋಯಿ

ತಾ.ಕ.: ಬುಧವಾರ ಬೆಳಿಗ್ಗೆ. ಅಂಟಿಸಿದ ಲಕೋಟೆಯನ್ನು ಹರಿದು ಬರೆಯುತ್ತಿದ್ದೇನೆ. "ನಡಿ, ಹೋಗೋಣ. ಇನ್ನು ತಡೆಯಲ್ಲ ನಿನ್ನ" ಎಂದು ಪಂದೆಲಿಸ್ ತಾನಾಗಿಯೇ ಕಾರು ತೆಗೆದ. ಸಮುದ್ರದ ಮೇಲಿನ ಸೇತುವೆ ತನಕ ಬಂದೆವು. ನಿಲ್ಲಿಸು ಎಂದೆ. ಹೊರಡು ಎಂದೆ. ಮತ್ತೆ ನಿಲ್ಲಿಸು ಎಂದೆ. ಇಳಿದು ರಸ್ತೆ ಬದಿಯಲ್ಲಿ ಕೂತುಬಿಟ್ಟೆ. ನನ್ನ ಕೈಲಾಗುವುದಿಲ್ಲ ಅಕ್ಕಾ. ನಿನ್ನ ಕಾಲು ಹಿಡಿಯುತ್ತೇನೆ, ನೀನೇ ಹೋಗು. ಹೊಸ ಗುಂಡಿಗೆ ಇಳಿಸುವಾಗ ಅವಳ ಹೆಸರು ಹಿಡಿದು ಒಂದು ಸಲ ಕೂಗು. ಅಮ್ಮನಿಗೆ ಹುಷಾರಿಲ್ಲ ಎಂದು ಮಾತ್ರ ಸುಳ್ಳು ಹೇಳಬೇಡ ಅವಳಿಗೆ. ಅಮ್ಮ ನಿನ್ನನ್ನು ನೋಡಲು ಹೆದರಿಬಿಟ್ಟಳು ಅಂತ ಹೇಳು.